ಕೊಡಗಿನ ಸಿವಿಲ್ ಪಠ್ಯಕ್ರಮದಲ್ಲಿ ಬರೆ (ಮನೆ, ರಸ್ತೆಯ ಬದಿಯ ಕಡಿದಾದ ಮಣ್ಣಿನ ದಿಬ್ಬ) ಕುಸಿತಕ್ಕೆ ಪ್ರತ್ಯೇಕ ವಿಷಯ ಬೇಕೇ?

ಪ್ರಶ್ನೆ: ಸಿವಿಲ್ ವಿಭಾಗದ ಅಧ್ಯಾಪಕಿ, ದಕ್ಷಿಣ ಕೊಡಗು

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಸದ್ಯಕ್ಕೆ ನಾವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನೇ ಅನುಸರಿಸುತ್ತಿದ್ದೇವೆ. ಕಾಲೇಜು ಸ್ವಾಯತ್ತತೆಗೆ, ಅಂದರೆ ತನ್ನ ಪಠ್ಯಕ್ರಮವನ್ನು ತಾನೇ ರೂಪಿಸಿಕೊಳ್ಳುವ ಅಧಿಕಾರಕ್ಕೆ, ಸಿದ್ಧತೆ ನಡೆಸಿರುವುದರಿಂದ, ಸಿವಿಲ್ ವಿಭಾಗದ ನಾಲ್ಕು ವರ್ಷಗಳ ಪಠ್ಯಕ್ರಮದ ಕರಡನ್ನು ಸಿದ್ಧಪಡಿಸುವ ಕೆಲಸವನ್ನು ನನಗೂ ಇನ್ನಿಬ್ಬರು ಸಹೋದ್ಯೋಗಿಗಳಿಗೂ ವಹಿಸಿದ್ದಾರೆ.

ಚೌಕಟ್ಟು ಹೀಗಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 2018ರಲ್ಲಿ ಹೊರತಂದ ಮಾದರಿ ಪಠ್ಯಕ್ರಮದಂತೆ ಪದವಿಗೆ ಒಟ್ಟು 160 ಕ್ರೆಡಿಟ್. ಅದರಲ್ಲಿ ವಿಭಾಗದ ಮೂಲ ವಿಷಯಗಳಿಗೆ 48, ಮೂಲ ವಿಜ್ಞಾನಕ್ಕೆ 25, ಎಂಜಿನಿಯರಿಂಗ್ ವಿಜ್ಞಾನಕ್ಕೆ 24, ವಿಭಾಗದ ಐಚ್ಛಿಕಗಳಿಗೆ 18, ಮುಕ್ತ ಐಚ್ಛಿಕಗಳಿಗೆ 18, ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್‌ಗೆ 15, ಮಾನವಿಕ ವಿಷಯಗಳಿಗೆ 12. ಈ ಹಂಚಿಕೆಯನ್ನು ತುಸು ಆಚೀಚೆ ಮಾಡಬಹುದು, ಒಟ್ಟು ಮೊತ್ತವನ್ನು ಹಿಗ್ಗಿಸುವಂತಿಲ್ಲ. ಒಂದನ್ನು ಸೇರಿಸಬೇಕೆಂದರೆ ಇನ್ನೊಂದನ್ನು ತೆಗೆಯಲೇಬೇಕು.

ನನ್ನ ಮನಸ್ಸಿನಲ್ಲಿರುವುದು ಏಳನೆಯ ಸೆಮಿಸ್ಟರ್‌ನಲ್ಲಿ ಮೂರು ಕ್ರೆಡಿಟ್‌ಗಳ ಒಂದು ಹೊಸ ಐಚ್ಛಿಕ ವಿಷಯ. 'ಕೊಡಗಿನ ಗುಡ್ಡಗಾಡು ಎಂಜಿನಿಯರಿಂಗ್' ಎಂದು ಸದ್ಯಕ್ಕೆ ಹೆಸರಿಟ್ಟಿದ್ದೇನೆ. ಇಳಿಜಾರಿನ ಸ್ಥಿರತೆ, ತಡೆಗೋಡೆ, ಬೆಟ್ಟದ ರಸ್ತೆಯ ಚರಂಡಿ, ತೋಟದ ಕೆರೆ, ಪಲ್ಪರ್ ನೀರಿನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಬರುವ ಕೊಳೆ ನೀರಿನ) ಶುದ್ಧೀಕರಣ ಇವೆಲ್ಲ ಅದರಲ್ಲಿ ಇರುತ್ತವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಬೆಟ್ಟಗಳು ಜರಿದಾಗ ನಮ್ಮ ಅಂತಿಮ ವರ್ಷದ ತರಗತಿಯಲ್ಲಿ ಆ ಊರುಗಳ ಮಕ್ಕಳೇ ಇದ್ದರು. ತಿಂಗಳ ನಂತರ ಮರಳಿ ಬಂದ ಒಬ್ಬ ವಿದ್ಯಾರ್ಥಿ, "ಮೇಡಂ, ನಮ್ಮ ಮನೆಯ ಹಿಂದಿನ ಬರೆ ಯಾಕೆ ಜರಿಯಿತು, ಪಕ್ಕದವರದು ಯಾಕೆ ನಿಂತಿತು?" ಎಂದು ಕೇಳಿದ. ಇಳಿಜಾರಿನ ಸ್ಥಿರತೆಯ ಅಧ್ಯಾಯವನ್ನು ಅದಾಗಲೇ ಅವನಿಗೆ ಪಾಠ ಮಾಡಿ ಮುಗಿಸಿದ್ದವಳು ನಾನೇ. ಅವನು ಅದರಲ್ಲಿ ಒಳ್ಳೆಯ ಅಂಕವನ್ನೂ ಪಡೆದಿದ್ದ. ಆದರೂ ಆ ಪ್ರಶ್ನೆಯನ್ನು ಬಿಡಿಸಲು ಎಲ್ಲಿಂದ ಹೊರಡಬೇಕೆಂಬುದು ಅವನಿಗೂ ತಿಳಿಯಲಿಲ್ಲ, ನಾನೂ ಸರಿಯಾಗಿ ಹೇಳಿಕೊಡಲಿಲ್ಲ.

ಸಹೋದ್ಯೋಗಿಗಳ ಆಕ್ಷೇಪ ಎರಡು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬೆಂಗಳೂರಿಗೆ ಹೋಗುವವರು, ಅವರನ್ನು ಕೊಡಗಿಗೆ ಕಟ್ಟಿಹಾಕಬಾರದು ಎಂಬುದು ಮೊದಲನೆಯದು. ಈ ವಿಷಯಕ್ಕಾಗಿ ಯಾವುದನ್ನು ಬಿಡುತ್ತೀರಿ ಎಂಬುದು ಎರಡನೆಯದು. ಅನುಭವಸ್ಥರು ದಯವಿಟ್ಟು ತಿಳಿಸಿ: ಇಂಥ ವಿಷಯವನ್ನು ಪ್ರತ್ಯೇಕವಾಗಿ ಇಡುವುದು ಸರಿಯೇ?

ಉತ್ತರ 1: ನಿವೃತ್ತ ಎಂಜಿನಿಯರ್, ಮಡಿಕೇರಿ

ಮೇಡಂ, ಮೂವತ್ತನಾಲ್ಕು ವರ್ಷ ರಸ್ತೆ ಮತ್ತು ಕಟ್ಟಡಗಳ ಕೆಲಸದಲ್ಲಿ ಇದ್ದವನು ನಾನು. ವಿಷಯ ಬೇಕೇ ಬೇಡವೇ ಎಂಬುದಕ್ಕಿಂತ ಮೊದಲು, ಕೆಲಸಕ್ಕೆ ಸೇರಿದ ಹೊಸ ಹುಡುಗರಲ್ಲಿ ನಾನು ಕಂಡ ಕೊರತೆ ಯಾವುದೆಂದು ಹೇಳುತ್ತೇನೆ.

ಅವರಿಗೆ ತಡೆಗೋಡೆಯ ಲೆಕ್ಕ ಬರುತ್ತಿತ್ತು. ಮಣ್ಣಿನ ಒತ್ತಡ, ಗೋಡೆ ಮಗುಚುವ ಅಪಾಯ, ಜಾರುವ ಅಪಾಯ ಎಲ್ಲವನ್ನೂ ಕಾಗದದ ಮೇಲೆ ತಪ್ಪಿಲ್ಲದೆ ಬಿಡಿಸುತ್ತಿದ್ದರು. ಒಮ್ಮೆ ಒಂದು ರಸ್ತೆಯ ಬದಿಗೆ ಆರು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿಸಿದೆವು. ಹಿಂಬದಿಯ ನೀರು ಹೊರಬರಲು ಗೋಡೆಯಲ್ಲಿ ಸಾಲಾಗಿ ಪಿವಿಸಿ ಪೈಪ್‌ಗಳನ್ನು ಇಟ್ಟಿದ್ದರು. ಕಾಂಕ್ರೀಟ್ ಸುರಿಯುವಾಗ ಸಿಮೆಂಟ್ ಹಾಲು ಒಳಗೆ ಹೋಗದಿರಲೆಂದು ಕೆಲಸದವರು ಆ ಪೈಪ್‌ಗಳ ಹಿಂಬದಿಯ ಬಾಯಿಗೆ ಸಿಮೆಂಟ್ ಚೀಲದ ಚೂರುಗಳನ್ನು ತುರುಕಿದ್ದರು. ಅದನ್ನು ತೆಗೆಯದೆಯೇ ಮಣ್ಣು ತುಂಬಲಾಯಿತು, ಗೋಡೆಗೂ ಮಣ್ಣಿಗೂ ನಡುವೆ ಜಲ್ಲಿಯ ಪದರವನ್ನೂ ಹಾಕಲಿಲ್ಲ. ಜುಲೈ ಮೂರನೆಯ ವಾರ ನಾನು ಹೋಗಿ ನೋಡಿದಾಗ ಗೋಡೆಯ ನಡುಭಾಗ ಒಂದು ಗೇಣು ಹೊರಕ್ಕೆ ಬಾಗಿತ್ತು. ಅಷ್ಟು ಮಳೆಯಲ್ಲೂ ಒಂದು ಪೈಪಿನಿಂದಲೂ ಹನಿ ನೀರು ಬೀಳುತ್ತಿರಲಿಲ್ಲ. ಅಳತೆ ಪುಸ್ತಕದಲ್ಲಿ ಮಾತ್ರ ಪೈಪ್‌ಗಳ ಸಂಖ್ಯೆ ಸರಿಯಾಗಿತ್ತು. ಅದಕ್ಕೆ ಸಹಿ ಹಾಕಿದವನು ನಾನೇ ಎಂಬುದನ್ನು ಇಷ್ಟು ವರ್ಷವಾದರೂ ಮರೆಯಲು ಆಗಿಲ್ಲ.

ಬೆಟ್ಟದ ರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 48 ಎಂಬ ಕೈಪಿಡಿ ಇದೆ. ಗುಡ್ಡಗಾಡಿನ ತಡೆಗೋಡೆಗಳಿಗೆ ಐಎಸ್ 14458 ಎಂಬ ಭಾರತೀಯ ಮಾನಕ ಇದೆ. ಎರಡೂ 1998ರಿಂದ ಕೈಗೆ ಸಿಗುತ್ತಿವೆ. ನನ್ನ ಬಳಿ ಬಂದ ಹೊಸಬರಲ್ಲಿ ಇವುಗಳನ್ನು ಕಾಲೇಜಿನಲ್ಲಿ ತೆರೆದು ನೋಡಿದ್ದವರು ಬೆರಳೆಣಿಕೆಯಷ್ಟು. ಹೊಸ ವಿಷಯವೇ ಆಗಬೇಕೆಂದಿಲ್ಲ. ಈಗಿರುವ ವಿನ್ಯಾಸದ ವಿಷಯದಲ್ಲಿ ಒಂದು ಗೋಡೆಯನ್ನಾದರೂ ಈ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮಾಡಿಸಿ. ಆಮೇಲೆ ಮಡಿಕೇರಿ–ಸಂಪಾಜೆ ರಸ್ತೆಯಲ್ಲಿ ಮಳೆಗಾಲದ ಒಂದು ದಿನ ಅವರನ್ನು ನಡೆಸಿಕೊಂಡು ಹೋಗಿ, ಯಾವ ಗೋಡೆಯಿಂದ ನೀರು ಬರುತ್ತಿದೆ, ಯಾವುದರಿಂದ ಬರುತ್ತಿಲ್ಲ ಎಂದು ಬರೆಸಿರಿ.

ಉತ್ತರ 2: ಹಳೆಯ ವಿದ್ಯಾರ್ಥಿನಿ, ಈಗ ಬೆಂಗಳೂರು

ನಾನು ಸಿವಿಲ್ ಓದಿ ಈಗ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿರುವವಳು. ನಿಮ್ಮ ಸಹೋದ್ಯೋಗಿಗಳು ಹೇಳುವ 'ಬೆಂಗಳೂರಿಗೆ ಹೋಗುವವರು' ಎಂಬ ಗುಂಪಿಗೆ ಸೇರಿದವಳಾದ್ದರಿಂದ ಎರಡು ಮಾತು ಬರೆಯಬೇಕೆನಿಸಿತು.

ನನಗೆ ಈಗಲೂ ನೆರವಿಗೆ ಬರುವುದು ಮೂರನೆಯ ಸೆಮಿಸ್ಟರ್‌ನ ಸರ್ವೆ ಶಿಬಿರ. ಗದ್ದೆಯ ಬದಿಯಲ್ಲಿ ಸುತ್ತಳತೆ ಮಾಡಿ ಹೊರಟ ಬಿಂದುವಿಗೇ ಮರಳಿದಾಗ ನಮ್ಮ ಲೆಕ್ಕ ಮುಕ್ಕಾಲು ಮೀಟರ್ ತಪ್ಪಿತ್ತು. ತಪ್ಪನ್ನು ಎಲ್ಲ ಬಿಂದುಗಳಿಗೂ ಹಂಚಿ ಸರಿಪಡಿಸಿಬಿಡೋಣ ಎಂದು ನಾವು ಹೊರಟಿದ್ದೆವು. ಅಧ್ಯಾಪಕರು ಒಪ್ಪಲಿಲ್ಲ. ಹಂಚಬಹುದಾದದ್ದು ಸಣ್ಣ ದೋಷ, ಇದು ದೋಷವಲ್ಲ ಪ್ರಮಾದ ಎಂದು ಹೇಳಿ ಎರಡನೆಯ ದಿನವೂ ಅದೇ ಕೆಸರಿನಲ್ಲಿ ನಿಲ್ಲಿಸಿದರು. ನಾಲ್ಕನೆಯ ನಿಲ್ದಾಣದಲ್ಲಿ ಪ್ರಿಸಂ ಕೋಲಿನ ಎತ್ತರವನ್ನು ಬದಲಿಸಿದ್ದು, ಅದರ ಜೊತೆಗೆ ಕೋಲು ಓರೆಯಾಗಿದ್ದು ಆಗ ತಿಳಿಯಿತು. ಇಂದು ಕಂಪ್ಯೂಟರ್ ಪರದೆಯ ಮೇಲೆ ಹೊಂದದ ಅಂಕಿ ಕಂಡಾಗ ನಾನು ಮಾಡುವುದು ಅದನ್ನೇ, ಹಿಂದಕ್ಕೆ ಹೋಗಿ ಯಾವ ನಿಲ್ದಾಣದಲ್ಲಿ ತಪ್ಪಿತು ಎಂದು ಹುಡುಕುತ್ತೇನೆ. ಆದ್ದರಿಂದ ಸ್ಥಳೀಯ ಕೆಲಸ ಮಾಡಿಸಿದರೆ ಮಕ್ಕಳು ಕಟ್ಟುಬೀಳುತ್ತಾರೆ ಎಂಬ ಭಯ ನನಗಿಲ್ಲ.

ಹೆಸರಿನ ಬಗ್ಗೆ ಮಾತ್ರ ಒಂದು ವಿನಂತಿ. ಅಂಕಪಟ್ಟಿಯನ್ನು ಓದುವವರು ಬೇರೆ ಊರಿನವರು, ಕೆಲವೊಮ್ಮೆ ಬೇರೆ ದೇಶದವರು. 'ಕೊಡಗಿನ' ಎಂದಿದ್ದರೆ ಅದೊಂದು ಪ್ರಾದೇಶಿಕ ಪರಿಚಯದ ವಿಷಯ ಎಂದು ಅವರು ತಿಳಿದಾರು. 'ಇಳಿಜಾರಿನ ಸ್ಥಿರತೆ ಮತ್ತು ಮಳೆನೀರಿನ ಹರಿವು' ಎಂದಿಡಿ. ಊರು ಉದಾಹರಣೆಗಳಲ್ಲಿ ಇರಲಿ.

ಉತ್ತರ 3: ಕಾಫಿ ಬೆಳೆಗಾರ, ಮಾದಾಪುರದ ಸಮೀಪ

ನಾನು ಎಂಜಿನಿಯರ್ ಅಲ್ಲ. ಆದರೆ ಚರ್ಚೆ ನಮ್ಮ ಮಳೆಯ ಬಗ್ಗೆ ಇರುವುದರಿಂದ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು 1968ರಿಂದ ಮಳೆಯ ಲೆಕ್ಕ ಬರೆದಿಟ್ಟಿದ್ದಾರೆ, ಅವರ ನಂತರ ನಾನು ಬರೆಯುತ್ತಿದ್ದೇನೆ. ದಿನವೂ ಬೆಳಿಗ್ಗೆ ಅಂಗಳದ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟ್‌ಗಳಲ್ಲಿ ಡೈರಿಗೆ ಬರೆಯುವುದು ನಮ್ಮಲ್ಲಿ ಹೆಚ್ಚಿನ ತೋಟದ ಮನೆಗಳಲ್ಲಿ ನಡೆದುಬಂದ ಪದ್ಧತಿ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದರ ನಂತರ ಬೀಳಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಬಂತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುವುದರಿಂದ ಆ ಬರವಣಿಗೆಯಲ್ಲಿ ಯಾರೂ ಅಸಡ್ಡೆ ಮಾಡುವುದಿಲ್ಲ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರ್‌ಗಿಂತಲೂ ಹೆಚ್ಚು ನೀರಾಗುತ್ತದೆ. ಆ ನೀರು ಎಲ್ಲಿಗೆ ಹೋಯಿತು ಎಂದು ಕೇಳುವವರು ಬೇಕು.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ಬಂದು ನನ್ನ ಡೈರಿಗಳ ಫೋಟೋ ತೆಗೆದುಕೊಂಡು ಹೋದರು. ಅವರ ವರದಿ ನೋಡಿದಾಗ ಬೇಸರವಾಯಿತು. ಇಂಚಿನ ನೂರನೆಯ ಒಂದು ಭಾಗ ಸೆಂಟ್ ಎಂಬುದು ಅವರಿಗೆ ತಿಳಿದಿರಲಿಲ್ಲ. ಎರಡು ಇಂಚು ನಲವತ್ತು ಸೆಂಟ್ ಎಂದರೆ 61 ಮಿಲಿಮೀಟರ್ ಆಗಬೇಕು. ಅವರು ಸೆಂಟ್‌ಗಳನ್ನು ಮಿಲಿಮೀಟರ್ ಎಂದುಕೊಂಡು 91 ಎಂದು ಬರೆದಿದ್ದರು. ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ವರದಿಗೆ ಒಳ್ಳೆಯ ಅಂಕ ಬಂದಿದೆಯೆಂದು ಆಮೇಲೆ ಕೇಳಿದೆ.

ಇನ್ನೊಂದು ಸಂಗತಿ. 2018ರಲ್ಲಿ ನಮ್ಮ ಮೇಲಿನ ತೋಟ ಜರಿಯುವ ನಾಲ್ಕು ದಿನ ಮೊದಲು ಕೊಟ್ಟಿಗೆಯ ಹಿಂದಿನ ಒರತೆಯ ನೀರು ಕೆಂಪಾಯಿತು. ವರ್ಷವಿಡೀ ತಿಳಿಯಾಗಿ ಬರುತ್ತಿದ್ದ ಒರತೆ ಅದು. ಅದಾದ ಮರುದಿನ ಸಿಲ್ವರ್ ಓಕ್ ಮರಗಳ ಸಾಲಿನ ಮೇಲ್ಭಾಗದಲ್ಲಿ ನೆಲ ಬಿರುಕು ಬಿಟ್ಟಿತು, ಕೈ ಇಳಿಯುವಷ್ಟು ಅಗಲ. ನಾವು ಲೈನ್ ಮನೆಯವರನ್ನೂ (ತೋಟದ ಕಾರ್ಮಿಕರ ಕುಟುಂಬಗಳನ್ನೂ) ಕರೆದುಕೊಂಡು ಕೆಳಗಿನ ನೆಂಟರ ಮನೆಗೆ ಇಳಿದದ್ದು ಆ ಕಾರಣಕ್ಕೆ. ಆಮೇಲೆ ಅಧ್ಯಯನಕ್ಕೆಂದು ಬಂದ ತಂಡವೊಂದಕ್ಕೆ ಇದನ್ನು ಹೇಳಿದೆ. ಅವರ ನಮೂನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ. ನೀವು ಪಠ್ಯಕ್ರಮ ಮಾಡುವಾಗ ಅಂಥದೊಂದು ಕಾಲಂ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಡೈರಿಗಳು ನಮ್ಮಲ್ಲಿವೆ, ಯಾವಾಗ ಬೇಕಾದರೂ ಬಂದು ನೋಡಬಹುದು.

ಉತ್ತರ 4: ಪಠ್ಯಕ್ರಮ ಸಮಿತಿಗಳಲ್ಲಿ ಕೆಲಸ ಮಾಡಿದ ಪ್ರಾಧ್ಯಾಪಕ, ಮೈಸೂರು

ನಾನು ಎರಡು ಕಾಲೇಜುಗಳಲ್ಲಿ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಇದ್ದೆ. ನಿಮ್ಮ ಪ್ರಸ್ತಾವದ ಉದ್ದೇಶವನ್ನು ಪೂರ್ಣವಾಗಿ ಒಪ್ಪುತ್ತೇನೆ. ವಿಧಾನವನ್ನು ಒಪ್ಪುವುದಿಲ್ಲ. ಏಳನೆಯ ಸೆಮಿಸ್ಟರ್‌ನ ಐಚ್ಛಿಕ ವಿಷಯಕ್ಕೆ ಸಿಗುವುದು ಸುಮಾರು 40 ಗಂಟೆ. ಆ ಹೊತ್ತಿಗೆ ಮಕ್ಕಳ ಮನಸ್ಸು ಕೆಲಸದ ಸಂದರ್ಶನಗಳಲ್ಲಿ ಇರುತ್ತದೆ, ತರಗತಿಯ ಮೂರನೆಯ ಒಂದು ಭಾಗ ಮಾತ್ರ ಅದನ್ನು ಆರಿಸಿಕೊಳ್ಳುತ್ತದೆ, ನೀವು ವರ್ಗವಾದರೆ ಅಥವಾ ಕೆಲಸ ಬಿಟ್ಟರೆ ಅದನ್ನು ಪಾಠ ಮಾಡುವವರು ಇರುವುದಿಲ್ಲ. ಇಂಥ ಎಷ್ಟೋ ಐಚ್ಛಿಕಗಳು ಪಟ್ಟಿಯಲ್ಲಿ ಉಳಿದು ತರಗತಿಯಲ್ಲಿ ಇಲ್ಲವಾದದ್ದನ್ನು ಕಂಡಿದ್ದೇನೆ.

ನಿಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಅವನಿಗೆ ಉತ್ತರ ಹೊಳೆಯದಿದ್ದುದಕ್ಕೆ ಒಂದು ವಿಷಯದ ಕೊರತೆ ಕಾರಣವಲ್ಲ, ವಿಷಯಗಳ ಜೋಡಣೆ ಕಾರಣ ಎಂದು ನನಗೆ ತೋರುತ್ತದೆ. ಉದ್ದನೆಯ ಇಳಿಜಾರಿನ ಸರಳ ಲೆಕ್ಕವೊಂದನ್ನು ನೋಡಿ. ಇಳಿಜಾರಿನ ಕೋನ 30 ಡಿಗ್ರಿ, ಮಣ್ಣಿನ ಘರ್ಷಣ ಕೋನ 32 ಡಿಗ್ರಿ, ಅಂಟು ಇಲ್ಲವೆಂದು ಇಟ್ಟುಕೊಳ್ಳೋಣ. ಮಣ್ಣಿನೊಳಗೆ ನೀರಿನ ಒತ್ತಡ ಇಲ್ಲದಿದ್ದಾಗ ಸುರಕ್ಷತಾ ಗುಣಾಂಕ (ಒಂದಕ್ಕಿಂತ ಕಡಿಮೆಯಾದರೆ ಇಳಿಜಾರು ಜರಿಯುತ್ತದೆ) ಎರಡು ಕೋನಗಳ ಟ್ಯಾನ್ ಬೆಲೆಗಳ ಅನುಪಾತ, ಅಂದರೆ 1.08. ಅದೇ ಮಣ್ಣು ಮೇಲ್ಮೈವರೆಗೂ ನೆನೆದು, ನೀರು ಇಳಿಜಾರಿಗೆ ಸಮಾನಾಂತರವಾಗಿ ಹರಿಯತೊಡಗಿತು ಎನ್ನಿ. ನೆನೆದ ಮಣ್ಣಿನ ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್ ಆದರೆ ಗುಣಾಂಕ 0.49ಕ್ಕೆ ಇಳಿಯುತ್ತದೆ. ಇಳಿಜಾರು ಅದೇ, ಮಣ್ಣು ಅದೇ, ಬದಲಾದದ್ದು ಒಳಗಿನ ನೀರು ಮಾತ್ರ. ನಿಜವಾದ ಬೆಟ್ಟದಲ್ಲಿ ಮಣ್ಣಿಗೆ ಅಷ್ಟಿಷ್ಟು ಅಂಟು ಇರುತ್ತದೆ, ಬೇರುಗಳು ಹಿಡಿದಿರುತ್ತವೆ, ಅರೆ ಒಣಗಿದ ಮಣ್ಣಿಗೆ ತನ್ನದೇ ಸೆಳೆತ ಇರುತ್ತದೆ. ಆದ್ದರಿಂದಲೇ ಅಂಥ ಬೆಟ್ಟಗಳು ಇಷ್ಟು ಕಾಲ ನಿಂತಿರುವುದು. ಎರಡು ಮನೆಗಳ ಹಿಂದಿನ ಬರೆಗಳಲ್ಲಿ ಒಂದು ಜರಿದು ಒಂದು ನಿಂತಿದ್ದರೆ ಮೊದಲು ಕೇಳಬೇಕಾದ್ದು, ಎಲ್ಲಿ ನೀರು ಒಳಕ್ಕೆ ಇಳಿಯಿತು, ಎಲ್ಲಿ ಹೊರಕ್ಕೆ ಹರಿಯಿತು, ಬುಡವನ್ನು ಯಾರು ಎಷ್ಟು ಕಡಿದರು ಎಂಬುದನ್ನು.

ಈಗ ನಿಮ್ಮ ಕರಡನ್ನು ನೋಡಿಕೊಳ್ಳಿ. ಸಾಮಾನ್ಯವಾಗಿ ಭೂವಿಜ್ಞಾನ ಮೂರನೆಯ ಸೆಮಿಸ್ಟರ್‌ನಲ್ಲಿ, ಸಾಯಿಲ್ ಮೆಕ್ಯಾನಿಕ್ಸ್ (ಮಣ್ಣಿನ ಬಲದ ಅಧ್ಯಯನ) ಐದರಲ್ಲಿ, ಜಲವಿಜ್ಞಾನ ಆರು ಅಥವಾ ಏಳರಲ್ಲಿ ಬರುತ್ತದೆ. ಇಳಿಜಾರಿನ ಲೆಕ್ಕ ಮಾಡುವ ದಿನ ಮಳೆಯ ಪಾಠ ಇನ್ನೂ ಆಗಿರುವುದಿಲ್ಲ. ಮಳೆಯ ಪಾಠ ಆಗುವಾಗ ಇಳಿಜಾರು ಮರೆತಿರುತ್ತದೆ. ಜಲವಿಜ್ಞಾನಕ್ಕೆ ಬೇಕಾದ ಸಂಭವನೀಯತೆಯ ಪಾಠ ಗಣಿತದಲ್ಲಿ ಎಲ್ಲೋ ಮೊದಲೇ ಮುಗಿದಿರುತ್ತದೆ, ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಮಳೆ ಎಂದರೆ ಏನು ಎಂದು ಅಲ್ಲಿ ಯಾರೂ ಹೇಳಿರುವುದಿಲ್ಲ. ಹೊಸ ವಿಷಯ ಸೇರಿಸುವ ಬದಲು ಜಲವಿಜ್ಞಾನವನ್ನು ನಾಲ್ಕನೆಯ ಸೆಮಿಸ್ಟರ್‌ಗೆ ತನ್ನಿ. ಸಂಭವನೀಯತೆಯನ್ನು ಅದರ ಜೊತೆಗೇ ಇಡಿ. ಐದರಲ್ಲಿ ಸಾಯಿಲ್ ಮೆಕ್ಯಾನಿಕ್ಸ್ ಬರಲಿ. ಕಾಲೇಜಿನ ಹತ್ತಿರದ ಒಂದೇ ಇಳಿಜಾರನ್ನು ಆರಿಸಿ, ಮೂರನೆಯ ಸೆಮಿಸ್ಟರ್‌ನಲ್ಲಿ ಅದರ ಸರ್ವೆ, ನಾಲ್ಕರಲ್ಲಿ ಅದರ ಮಳೆ, ಐದರಲ್ಲಿ ಅದರ ಮಣ್ಣು, ಆರರಲ್ಲಿ ಅದಕ್ಕೊಂದು ಚರಂಡಿ ಮತ್ತು ಗೋಡೆ ಎಂದು ಅದೇ ತಂಡದಿಂದ ಮಾಡಿಸಿ. ಮೂರನೆಯ ಸೆಮಿಸ್ಟರ್‌ನಲ್ಲಿ ಅಳತೆ ತಪ್ಪಿದವರು ಆರರಲ್ಲಿ ಅದರ ಫಲ ಉಣ್ಣುತ್ತಾರೆ. ಇದಕ್ಕೆ ಒಂದು ಕ್ರೆಡಿಟ್ ಕೂಡ ಹೆಚ್ಚು ಬೇಡ.

ಏನನ್ನು ಬಿಡಬೇಕು ಎಂಬ ಪ್ರಶ್ನೆಗೆ: ಗಣಿತವನ್ನು ಕಡಿಯಬೇಡಿ. ಕಾಂಕ್ರೀಟ್ ಮಿಶ್ರಣದ ಪಾಠ ಸಾಮಗ್ರಿಗಳ ವಿಷಯದಲ್ಲಿ, ಕಾಂಕ್ರೀಟ್ ತಂತ್ರಜ್ಞಾನದಲ್ಲಿ, ಮತ್ತೆ ಪ್ರಯೋಗಾಲಯದಲ್ಲಿ ಹೀಗೆ ಮೂರು ಸಲ ಬರುತ್ತಿದೆಯೇ ನೋಡಿ. ಬಹುತೇಕ ಕರಡುಗಳಲ್ಲಿ ಬರುತ್ತದೆ. ಮೊದಲು ಕತ್ತರಿ ಹಾಕಬೇಕಾದ್ದು ಅಲ್ಲಿ.

ಬೆಳೆಗಾರರ ಡೈರಿಗಳು ನಿಧಿಯೇ ಸರಿ, ಆದರೆ ಅವು ಎಲ್ಲಕ್ಕೂ ಆಗುವುದಿಲ್ಲ. ಅವು 24 ಗಂಟೆಗಳ ಒಟ್ಟು ಮಳೆಯನ್ನು ಹೇಳುತ್ತವೆ. ಮಣ್ಣು ದಿನದಿಂದ ದಿನಕ್ಕೆ ಹೇಗೆ ನೆನೆಯುತ್ತಾ ಬಂತು ಎಂದು ತಿಳಿಯಲು ಅದು ಸಾಕು. ರಸ್ತೆಯ ಮೋರಿಯ ಅಗಲ ನಿಶ್ಚಯಿಸಲು ಗಂಟೆಗೆ ಎಷ್ಟು ಸುರಿಯಿತು ಎಂಬ ತೀವ್ರತೆ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಎರಡನ್ನೂ ಪಕ್ಕದಲ್ಲಿಟ್ಟು ಯಾವ ಪ್ರಶ್ನೆಗೆ ಯಾವ ದಾಖಲೆ ಎಂದು ಮಕ್ಕಳೇ ಆರಿಸುವಂತೆ ಮಾಡಿದರೆ, ಜಲವಿಜ್ಞಾನದ ಅರ್ಧ ಪಾಠ ಅಲ್ಲೇ ಆಗುತ್ತದೆ.

ಕೊನೆಯದಾಗಿ, ಸ್ವಾಯತ್ತ ಕಾಲೇಜಿನ ಅಧ್ಯಯನ ಮಂಡಳಿಯಲ್ಲಿ ಹೊರಗಿನ ವಿಷಯ ತಜ್ಞರು, ಕುಲಪತಿಗಳು ನಾಮಕರಣ ಮಾಡಿದ ತಜ್ಞರೊಬ್ಬರು, ಉದ್ಯಮದ ಪ್ರತಿನಿಧಿಯೊಬ್ಬರು, ಹಳೆಯ ವಿದ್ಯಾರ್ಥಿಯೊಬ್ಬರು ಇರುತ್ತಾರೆ. ಉದ್ಯಮದ ಸ್ಥಾನಕ್ಕೆ ದೊಡ್ಡ ನಗರದ ಕಂಪನಿಯವರನ್ನೇ ಹುಡುಕುವುದು ರೂಢಿಯಾಗಿದೆ. ಮೇಲೆ ಬರೆದಿರುವ ನಿವೃತ್ತ ಎಂಜಿನಿಯರ್ ಅವರಂಥವರನ್ನು ಯಾವ ಸ್ಥಾನದಲ್ಲಿ ಕೂರಿಸಬಹುದು ಎಂದು ಯೋಚಿಸಿ.

ಉತ್ತರ 5: ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞಳು. ಎರಡು ದಿನ ಸಹೋದ್ಯೋಗಿಗಳ ಜೊತೆ ಕುಳಿತು ಕರಡನ್ನು ಮತ್ತೆ ನೋಡಿದೆ. ಕಾಂಕ್ರೀಟ್ ಮಿಶ್ರಣ ನಮ್ಮಲ್ಲಿಯೂ ಮೂರು ಕಡೆ ಇತ್ತು. ಒಂದು ಕಡೆಯದನ್ನು ತೆಗೆದೆವು. ಜಲವಿಜ್ಞಾನವನ್ನು ನಾಲ್ಕನೆಯ ಸೆಮಿಸ್ಟರ್‌ಗೆ ತರಲು ಇಬ್ಬರೂ ಒಪ್ಪಿದ್ದಾರೆ. ಪ್ರತ್ಯೇಕ ಐಚ್ಛಿಕದ ಪ್ರಸ್ತಾವವನ್ನು ಕೈಬಿಟ್ಟಿದ್ದೇನೆ. ಪಲ್ಪರ್ ನೀರಿನ ಭಾಗ ಪರಿಸರ ಎಂಜಿನಿಯರಿಂಗ್‌ನ ಪ್ರಯೋಗಾಲಯಕ್ಕೆ ಹೋಯಿತು. ಜನವರಿಯಲ್ಲಿ ಪಲ್ಪಿಂಗ್ ನಡೆಯುವಾಗ ಮಾದರಿ ತಂದು ಪರೀಕ್ಷಿಸಲು ಅದು ಸರಿಯಾದ ಜಾಗ.

ಒಂದು ತೊಡಕು ಉಳಿದಿದೆ. ಒಂದೇ ಇಳಿಜಾರಿನ ಕೆಲಸ ನಾಲ್ಕು ಸೆಮಿಸ್ಟರ್‌ಗಳಿಗೆ ಹರಡಿದರೆ ಅದಕ್ಕೆ ಅಂಕ ಕೊಡುವುದು ಹೇಗೆ? ಪ್ರತಿ ವಿಷಯದ ಕೋರ್ಸ್ ಫಲಿತಗಳನ್ನು (ಆ ವಿಷಯದಿಂದ ಮಕ್ಕಳು ಕಲಿಯಬೇಕಾದುದನ್ನು) ಕಾರ್ಯಕ್ರಮದ ಫಲಿತಗಳಿಗೆ (ಇಡೀ ಪದವಿಯಿಂದ ಕಲಿಯಬೇಕಾದುದಕ್ಕೆ) ಹೊಂದಿಸಿ 1, 2, 3 ಎಂದು ತುಂಬುವ ಕೋಷ್ಟಕದಲ್ಲಿ, ಹಿಂದಿನ ಸೆಮಿಸ್ಟರ್‌ನ ತಪ್ಪನ್ನು ತಾವೇ ಕಂಡುಹಿಡಿದ ತಂಡಕ್ಕೆ ಮನ್ನಣೆ ಕೊಡುವ ಜಾಗ ನನಗೆ ಕಾಣಲಿಲ್ಲ. ಸದ್ಯಕ್ಕೆ ಆಂತರಿಕ ಮೌಲ್ಯಮಾಪನದ 50 ಅಂಕಗಳಲ್ಲಿ 15ನ್ನು ಈ ಕೆಲಸಕ್ಕೆ ಮೀಸಲಿಟ್ಟಿದ್ದೇವೆ. ಅದರಲ್ಲಿ 5 ಅಂಕ, ಹಿಂದಿನ ವರದಿಯಲ್ಲಿ ತಾವು ತಿದ್ದಿದ ತಪ್ಪನ್ನು ಕಾರಣದೊಂದಿಗೆ ಬರೆದವರಿಗೆ. ಸ್ವಾಯತ್ತತೆ ಬರುವವರೆಗೂ ಕಾಯದೆ, ಈ ವರ್ಷವೇ ಮಿನಿ ಪ್ರಾಜೆಕ್ಟ್‌ನ ಹೆಸರಿನಲ್ಲಿ ಒಂದು ತಂಡದಿಂದ ಆರಂಭಿಸುತ್ತೇವೆ.

ಕ್ಷೇತ್ರ ವರದಿಯ ನಮೂನೆಯಲ್ಲಿ 'ಸ್ಥಳೀಯರು ಮೊದಲೇ ಗಮನಿಸಿದ್ದು' ಎಂಬ ಕಾಲಂ ಸೇರಿಸಿದ್ದೇನೆ. ಒರತೆಯ ಬಣ್ಣ, ಬಿರುಕು, ಓರೆಯಾದ ಮರ, ಬಾಗಿಲು ಸಿಕ್ಕಿಕೊಳ್ಳುವುದು ಇವಿಷ್ಟನ್ನು ಕೇಳಿ ಬರೆಯಬೇಕು. ಮಾದಾಪುರದವರೇ, ಆರು ವಿದ್ಯಾರ್ಥಿಗಳನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುವ ಆಸೆ ಇದೆ. ಡೈರಿಗಳನ್ನು ಅಲ್ಲಿಯೇ ಕುಳಿತು, ನಿಮ್ಮನ್ನು ಕೇಳಿಕೊಂಡೇ ನಕಲು ಮಾಡುತ್ತಾರೆ.

ಉತ್ತರ 6: ಕಾಫಿ ಬೆಳೆಗಾರ, ಮಾದಾಪುರದ ಸಮೀಪ

ಖಂಡಿತ ಬನ್ನಿ ಮೇಡಂ. ಮೇ ತಿಂಗಳೊಳಗೆ ಬಂದರೆ ಒಳ್ಳೆಯದು, ಮಳೆ ಹಿಡಿದ ಮೇಲೆ ನಮ್ಮ ರಸ್ತೆಯಲ್ಲಿ ಬಸ್ಸು ಬರುವುದು ನಿಶ್ಚಯವಿಲ್ಲ. ಮಕ್ಕಳಿಗೆ ಊಟ ನಮ್ಮಲ್ಲೇ ಆಗುತ್ತದೆ. ಅಳತೆಯ ಗಾಜನ್ನೂ ತೋರಿಸುತ್ತೇನೆ, ಒಂದು ದಿನದ ಮಳೆಯನ್ನು ಅವರೇ ಅಳೆದು ಡೈರಿಯಲ್ಲಿ ಬರೆಯಲಿ.